ಹಾಡು ಕಟ್ಟಿದ್ರೆ ಧೈರ್ಯ ಬರುತ್ತಾ, ಇಲ್ಲಾ ಇದು ನನ್ನ ಭ್ರಮೆನಾ?

ಮಂಡಿ ರೈಟರ್, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರ ಎಪಿಎಂಸಿ ಯಾರ್ಡಲ್ಲಿ ಒಂದು ಟೊಮ್ಯಾಟೊ ಮಂಡೀಲಿ ರೈಟರ್ ಕೆಲಸ ಮಾಡ್ತೀನಿ. ವಯಸ್ಸು ಇಪ್ಪತ್ತೇಳು. ಚಿಕ್ಕಂದಿನಿಂದ ಉಗ್ಗು. ಟೈಪ್ ಮಾಡುವಾಗ ಉಗ್ಗು ಬರಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೀತೀನಿ, ಬೈಕೋಬೇಡಿ.

ನನ್ನ ಕೆಲಸದಲ್ಲಿ ಮಾತು ಕಮ್ಮಿ. ರೈತರ ಹೆಸರು, ಎಷ್ಟು ಬಾಕ್ಸು, ಯಾವ ರೇಟಿಗೆ ಹೋಯ್ತು, ಪಟ್ಟಿ ಬರೆದು ಕೊಡೋದು ಅಷ್ಟೇ. ಹರಾಜು ಕೂಗೋರು ಬೇರೆ. ಹೋದ ತಿಂಗಳು ಒಂದಿನ ಅವರು ಬರಲಿಲ್ಲ ಅಂತ ಓನರು ನನ್ನನ್ನೇ ಬಾಕ್ಸ್ ಮೇಲೆ ಹತ್ತಿಸಿದ್ರು. ಶ್ರೀನಿವಾಸಪುರ ಕಡೆ ರೈತರೊಬ್ಬರ ಮಾಲು, 40 ಬಾಕ್ಸು. ಸವಾಲು 330ಕ್ಕೆ ಬಂದು ನಿಂತಿತ್ತು. ನಾನು "ಮು... ಮು... ಮುನ್ನೂರ..." ಅಂತ ಅಲ್ಲೇ ನಿಂತೆ. 'ಮ' ನನಗೆ ಹಳೇ ಶತ್ರು. ತುಟಿ ಮುಚ್ಚಿದ್ರೆ ಸೈಕಲ್ ಟ್ಯೂಬಿಗೆ ಸೊಲ್ಯೂಷನ್ ಹಚ್ಚಿದಂಗೆ ಅಂಟ್ಕೊಳ್ಳುತ್ತೆ. 330 ಕೇಳಿದ್ದ ವ್ಯಾಪಾರೀನೇ ನಗ್ತಾ "ಮುನ್ನೂರು ತಾನೆ? ಆಯ್ತು ಬರ್ಕೋ" ಅಂದ. ಎಲ್ಲರೂ ನಕ್ಕು ಮುಂದಿನ ಲಾಟಿಗೆ ಹೋಗೇಬಿಟ್ರು. ಬಾಕ್ಸಿಗೆ 30, ಒಟ್ಟು 1,200 ರೂಪಾಯಿ ಆ ರೈತರಿಗೆ ನಷ್ಟ ಆಯ್ತು. ಅವರು ಜಗಳ ಆಡಲಿಲ್ಲ. ನನ್ನ ಮುಖ ಒಂದ್ಸಲ ನೋಡಿ ಸುಮ್ಮನಾದ್ರು. ಬೈದಿದ್ರೇ ವಾಸಿ ಇತ್ತು.

ಆವತ್ತಿಂದ ಫ್ರೆಂಡ್ ಒಬ್ಬ ಹೇಳಿದ ಅಂತ, ಬೆಳಗಿನ ಜಾವ ಗಾಡೀಲಿ ಹೋಗುವಾಗ ಕಿವಿಗೆ ಹುರುಪಿನ ಹಾಡು ಹಾಕ್ಕೊಳ್ತಿದ್ದೆ. ನೀನು ಹುಲಿ, ನೀನು ಬೆಂಕಿ, ನಿನ್ನ ತಡೆಯೋರಿಲ್ಲ, ಆ ಥರದವು. ದಾರೀಲಿ ಸಿಗೋ ಟಮಕ ದಾಟೋವರೆಗೂ ನಾನೇ ಹುಲಿ. ಯಾರ್ಡ್ ಗೇಟಿನ ಹತ್ತಿರ ಯಾರೋ "ಏನಪ್ಪಾ ಇವತ್ತು ಮಾಲು ಜಾಸ್ತೀನಾ" ಅಂತಾರೆ, ಬಾಯಿ ಬರಲ್ಲ. ಹುಲಿ ಆಗಿದ್ದೋನಿಗೆ ಒಂದು 'ಮ' ಅನ್ನೋಕೆ ಆಗಲ್ವಾ ಅಂತ ಮೊದಲಿಗಿಂತ ಹೆಚ್ಚು ಕುಗ್ಗೋಗ್ತೀನಿ.

ಈಗ ಅಸಲಿ ವಿಷಯ. ಒಂದಿನ ಲಾರಿ ಕಾಯ್ತಾ ಕೂತಿದ್ದಾಗ, ನಮ್ಮಜ್ಜಿ ರಾಗಿ ಬೀಸುವಾಗ ಎಳೀತಿದ್ದ ಧಾಟೀಲಿ ಎರಡು ಸಾಲು ತಾನಾಗೇ ಬಂತು:

ಬಾಯಿಬಾಗ್ಲು ಬಿಗಿದೈತೆ, ಕಿಟಕೀಲಿ ಬಾರೇ ಮಾತೇ
ಬಾಕ್ಸಿನ್ನೂ ಇಳಿದಿಲ್ಲ, ನಿಧಾನ್ಕೆ ಬಾರೇ ಮಾತೇ

ಇದನ್ನ ಗುನುಗಿಕೊಂಡ್ರೆ ಒಂದಕ್ಷರಾನೂ ತಡವರಿಸಲ್ಲ. ಅದಕ್ಕಿಂತ ವಿಚಿತ್ರ ಅಂದ್ರೆ, ಆಮೇಲೆ ಒಂದರ್ಧ ಗಂಟೆ ಎದೆ ಹೊಡ್ಕೊಳ್ಳೋದು ಕಮ್ಮಿ ಇರುತ್ತೆ. ದುಡ್ಡು ಹಾಕಿ ಮಾಡಿರೋ ಹಾಡು ಕೊಡದೇ ಇರೋದನ್ನ ನನ್ನ ಮುರುಕಲು ಎರಡು ಸಾಲು ಹೆಂಗೆ ಕೊಡ್ತವೆ? ಇನ್ನೊಂದು, ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ನಡೆಯೋ 'ಹುಣ್ಣಿಮೆ ಹಾಡು' ಕಾರ್ಯಕ್ರಮಕ್ಕೆ ಹೋಗಿ ಇದನ್ನ ಹಾಡಿಬಿಡಲಾ ಅಂತ ಆಸೆ. ಭಯಾನೂ ಐತೆ.

ಬಾಕ್ಸ್ ಸೀನ

ಗುರೂ, 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ದಾಟ್ದಾಗ ಇಡೀ ಯಾರ್ಡಲ್ಲಿ ಯಾರಿಗೂ ಹಾಡು ಬೇಕಾಗಿರ್ಲಿಲ್ಲ, ಎಲ್ಲರಿಗೂ ಆತ್ಮವಿಶ್ವಾಸ ತಾನಾಗೇ ಇತ್ತು 😀 ರೇಟು ಬಿದ್ದು ರೋಡಿಗೆ ಸುರಿಯೋ ದಿನ ಯಾವ ಹಾಡು ಹಾಡಿದ್ರೂ ಟೊಮ್ಯಾಟೊ ವಾಪಸ್ ಬರಲ್ಲ. ಆ ವ್ಯಾಪಾರಿ ಮಾಡಿದ್ದು ಮಾತ್ರ ಮೋಸ. ಹಾಡು ಆಮೇಲೆ, ಮೊದಲು ಆ 1,200 ವಸೂಲಿ ಮಾಡು.

ಸ್ಪೀಚ್ ಅಕ್ಕ

ಮಾತಿನ ತೊಂದರೆ ಇರುವವರ ಜೊತೆಗೇ ಕೆಲಸ ಮಾಡುವವಳು ನಾನು. ಭ್ರಮೆ ಖಂಡಿತ ಅಲ್ಲ. ಉಗ್ಗು ಇರುವ ಬಹುತೇಕರು ಹಾಡುವಾಗ ಉಗ್ಗುವುದಿಲ್ಲ. ಹಾಡಿನಲ್ಲಿ ಸ್ವರ ಎಳೆದುಕೊಂಡು ಹೋಗುತ್ತೆ, ಕೊರಳು ನಡುವೆ ನಿಂತು ಮತ್ತೆ ಶುರುವಾಗಬೇಕಾದ ಸಂದರ್ಭ ಕಡಿಮೆ. ಮುಂದಿನ ಪದ ಯಾವಾಗ ಬರಬೇಕು ಅನ್ನೋದನ್ನು ತಾಳ ಮೊದಲೇ ಹೇಳಿಬಿಟ್ಟಿರುತ್ತೆ. ತಾಳ ಹಿಡಿಯೋ ಯಂತ್ರ ಮೆಟ್ರೊನೋಮಿನ ಟಿಕ್ ಟಿಕ್‌ಗೆ ಮಾತಾಡಿದರೂ ಉಗ್ಗು ಇಳಿಯುತ್ತೆ. ಆದರೆ ಸುಳ್ಳು ಆಸೆ ಕೊಡಲ್ಲ: ತಾಳ ನಿಂತರೆ ಸಾಮಾನ್ಯವಾಗಿ ಆ ಸಲೀಸೂ ನಿಲ್ಲುತ್ತೆ. ಹಾಡಿನಿಂದ ಉಗ್ಗು ವಾಸಿಯಾಯ್ತು ಅನ್ನೋ ವಿಡಿಯೊಗಳನ್ನು ನಂಬಬೇಡಿ.

ನಿಮ್ಮ ಎದೆಬಡಿತ ಇಳಿದಿದ್ದು ಬೇರೆ ಲೆಕ್ಕ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಬಗ್ಗೆ ತಮಗೇ ಕೀಳರಿಮೆ ಇದ್ದವರ ಬಾಯಲ್ಲಿ "ನಾನು ಎಲ್ಲರ ಪ್ರೀತಿಗೆ ತಕ್ಕವನು" ಅನ್ನೋ ಥರದ ಮಾತನ್ನು ಮತ್ತೆ ಮತ್ತೆ ಹೇಳಿಸಿದರೆ ಅವರ ಮನಸ್ಸು ಇನ್ನಷ್ಟು ಕೆಟ್ಟಿತು. ಮೊದಲೇ ಧೈರ್ಯ ಇದ್ದವರಿಗೆ ಮಾತ್ರ ಒಂಚೂರು ಲಾಭ. ಟಮಕ ದಾಟಿದ ಮೇಲೆ ನಿಮಗಾಗ್ತಿದ್ದುದು ಇದೇ ಇರಬೇಕು. ಹುಲಿ ಅಂತ ಹಾಡು ಹೇಳಿದಾಗಲೆಲ್ಲ ಒಳಗಿರೋನು "ಸುಳ್ಳು" ಅಂತ ಸಾಕ್ಷಿ ಹೇಳ್ತಿದ್ದ. ನಿಮ್ಮ ಎರಡು ಸಾಲಿನಲ್ಲಿ ಸುಳ್ಳಿಲ್ಲ. ಬಾಗಿಲು ಬಿಗಿದಿದೆ ಅಂತ ಒಪ್ಪಿಕೊಂಡೇ ಶುರುವಾಗುತ್ತೆ. ಜೊತೆಗೆ "ನಾನು" ಅನ್ನದೆ ಮಾತನ್ನೇ ಎದುರಿಗೆ ಕೂರಿಸಿ ಕರೆದಿದ್ದೀರಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ತೋರಿಸಿದ್ದೂ ಇಂಥದ್ದನ್ನೇ: ಭಾಷಣಕ್ಕೆ ನಿಲ್ಲುವ ಮುಂಚೆ ತಮ್ಮನ್ನು "ನಾನು" ಅನ್ನೋ ಬದಲು "ನೀನು" ಅಂತಲೋ ಹೆಸರು ಹಿಡಿದೋ ಮಾತಾಡಿಸಿಕೊಂಡವರಿಗೆ ಕಳವಳ ಕಡಿಮೆ ಇತ್ತು.

ಒಂದು ಕಿವಿಮಾತು. 'ಮ' ಶತ್ರು ಅಂದಿರಿ. ಆದರೆ ತುಟಿ ಮುಚ್ಚಿ ಗುನುಗಿದಾಗ ಹೊರಡೋದೇ ಆ ಅಕ್ಷರ! ಪ, ಬ ಗಳಿಗೆ ಈ ಸವಲತ್ತಿಲ್ಲ. ತುಟಿ ಒತ್ತಬೇಡಿ, ಸುಮ್ಮನೆ ತಾಗಿಸಿ, ಮೂಗಿನಲ್ಲಿ "ಮ್ಮ್ಮ್" ಅಂತ ಸಣ್ಣಗೆ ಶುರುಮಾಡಿ "ಉನ್ನೂರು"ಗೆ ಜಾರಿಸಿ. ಜಿಲ್ಲಾಸ್ಪತ್ರೆಯಲ್ಲಿ ಸ್ಪೀಚ್ ಥೆರಪಿ ಬಗ್ಗೆ ವಿಚಾರಿಸಿ, ಆಗದಿದ್ದರೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ.

ಮುಳಬಾಗಿಲು ಮೇಷ್ಟ್ರು

ಅಕ್ಕನವರು ಅಮೆರಿಕದ ತನಕ ಹೋಗಿಬಂದರು. ಸಂತೋಷ. ನಮ್ಮ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಇದೇ ಕೆಲಸವನ್ನು 945 ಪದ್ಯಗಳಲ್ಲಿ ಮಾಡಿದ್ದಾರೆ. ಪದ್ಯದ ಕೊನೆಗೆ ಕರೆಯುವುದು ಯಾರನ್ನು? ಮಂಕುತಿಮ್ಮನನ್ನು. ಓದುಗನಿಗೆ ಬುದ್ಧಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ದಡ್ಡನೊಬ್ಬನನ್ನು ಎದುರಿಗಿಟ್ಟುಕೊಂಡು ಅವನ ಹೆಗಲ ಮೇಲೆ ಕೈಹಾಕಿ ಮಾತಾಡಿದ್ದರಿಂದ ಇವತ್ತಿಗೂ ಜನ ಬಾಯಿಪಾಠ ಮಾಡುತ್ತಾರೆ. ಅತ್ತ ಕೈವಾರದ ತಾತಯ್ಯನವರು ಬಳೆ ಮಾರಿಕೊಂಡಿದ್ದವರು. ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಪದ ಕಟ್ಟಲು ಯಾರ ಅಪ್ಪಣೆಯೂ ಬೇಡ ಎಂಬುದಕ್ಕೆ ನಮ್ಮ ಸೀಮೆಗಿಂತ ಸಾಕ್ಷಿ ಬೇಕೆ?

ನಾನೊಂದು ಕಂಡದ್ದು ಹೇಳುತ್ತೇನೆ. ಎಂಬತ್ತರ ದಶಕ, ದಲಿತ ಸಂಘರ್ಷ ಸಮಿತಿಯ ಜಾಥಾ ನಮ್ಮೂರಿಗೆ ಬಂದಿತ್ತು. ಸಂಜೆ. ತಮಟೆ ಹುಡುಗರು ಒಣಹುಲ್ಲು ಹೊತ್ತಿಸಿ ಚರ್ಮ ಕಾಯಿಸುತ್ತಿದ್ದರು. ಒಬ್ಬ ಮಧ್ಯೆ ಮಧ್ಯೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ನೋಡಿ, "ಇನ್ನೂ ಮೆತ್ತಗೈತೆ" ಎಂದು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದ. ಆ ಹುಡುಗ ನನ್ನ ಕ್ಲಾಸಿನವನು. ಹಾಜರಿ ಕರೆದರೆ "ಸಾರ್" ಅನ್ನುವುದೂ ಕೇಳಿಸುತ್ತಿರಲಿಲ್ಲ. ಆವತ್ತು ಗುಂಪಿನಲ್ಲಿ ಅವನ ಗಂಟಲು ಎದ್ದಿದ್ದು ನೋಡಿ ನಾನು ಬೆಪ್ಪಾದೆ. ಮರುವಾರ ಹಾಜರಿಗೆ "ಇದೀನಿ ಸಾರ್" ಎಂದ. ಒಂದು ಪದ ಹೆಚ್ಚು, ಅಷ್ಟೇ. ಆದರೆ ಆ "ಇದೀನಿ" ನನಗೆ ಇನ್ನೂ ಮರೆತಿಲ್ಲ. ಊರಿನವರು ಚಾಕರಿಗೆಂದು ಬಾರಿಸಲು ಹಚ್ಚುತ್ತಿದ್ದ ವಾದ್ಯ ಆ ತಮಟೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದ ದಿನ ನಾನು ಮೊದಲು ನೆನೆಸಿಕೊಂಡಿದ್ದು ಆ ಹುಡುಗನನ್ನು.

ಆದ್ದರಿಂದ ಬೆಟ್ಟಕ್ಕೆ ಹೋಗಿ. ಮೊದಲ ಸಲ ಒಂಟಿಯಾಗಿ ಹಾಡಬೇಡಿ, ಗುಂಪಿನಲ್ಲಿ ಸೊಲ್ಲು ಹಿಡಿಯಿರಿ. ಸೀನಪ್ಪ, ನೀನೂ ಹೋಗು.

ಮಂಡಿ ರೈಟರ್, ಕೋಲಾರ

ತಡವಾಗಿ ಬರೀತಿದೀನಿ, ಸೀಸನ್ನು. ಮೇಷ್ಟ್ರೇ, ಹುಣ್ಣಿಮೆಗೆ ಹೋಗಿದ್ದೆ. ಹಾಡಲಿಲ್ಲ. ಕೊನೇ ಸಾಲಲ್ಲಿ ಬಂಡೆ ಮೇಲೆ ಕೂತು ಬೇರೆಯವರ ಸೊಲ್ಲು ಹಿಡಿದೆ, ಗಂಟಲು ಬಿಟ್ಟೇ ಹಾಡಿದೆ. ಕೆಳಗೆ ಕೋಲಾರದ ಲೈಟೆಲ್ಲ ಕಾಣ್ತಿತ್ತು. ನಮ್ಮ ಯಾರ್ಡ್ ಎಲ್ಲಿ ಅಂತ ಹುಡುಕ್ತಾ ಅರ್ಧ ಹಾಡು ತಪ್ಪಿಸ್ಕೊಂಡೆ.

ಅಕ್ಕ, ನಿಮ್ಮ "ಮ್ಮ್ಮ್" ಗಾಡೀಲಿ ಪ್ರಾಕ್ಟೀಸ್ ಮಾಡ್ದೆ. ಹೆಲ್ಮೆಟ್ ಒಳಗೆ ದುಂಬಿ ಹೊಕ್ಕಂಗೆ ಸೌಂಡು. ಹೋದ ಗುರುವಾರ ಮತ್ತೆ ನಾನೇ ಕೂಗಬೇಕಾಯ್ತು. ಪೆನ್ನಿಂದ ಬಾಕ್ಸ್ ಅಂಚಿಗೆ ಮೆಲ್ಲಗೆ ತಟ್ಟಿಕೊಂಡು ಶುರು ಮಾಡ್ದೆ. ನಾಲ್ಕು ಲಾಟು ಸಲೀಸಾಗಿ ಹೋಯ್ತು. ಐದನೇದರಲ್ಲಿ ಸಿಕ್ಕಾಕ್ಕೊಂಡೆ, ಅದೇ 'ಮ'. ಅದೇ ವ್ಯಾಪಾರಿ ಬಾಯಿ ತೆಗೆದ. ನಾನು ಕೈ ಅಡ್ಡ ಹಿಡಿದು ನಿಂತೆ, ಮನಸ್ಸಲ್ಲಿ "ಬಾಕ್ಸಿನ್ನೂ ಇಳಿದಿಲ್ಲ" ಅಂದ್ಕೊಂಡೆ. ಎಷ್ಟೊತ್ತು ಆಯ್ತೋ ಗೊತ್ತಿಲ್ಲ, ನನಗಂತೂ ಒಂದು ಲಾರಿ ಅನ್‌ಲೋಡ್ ಆದಷ್ಟು ಹೊತ್ತು ಅನ್ನಿಸ್ತು. ಆಮೇಲೆ "ಮ್ಮ್ಮುನ್ನೂರ ಎಪ್ಪತ್ತು" ಅಂತ ಪೂರ್ತಿ ಬಂತು. ಪಟ್ಟೀಲೂ 370 ಅಂತಲೇ ಬರ್ದೆ. ಉಗ್ಗು ಇದ್ದಂಗೇ ಐತೆ. ಕೈ ಅಡ್ಡ ಹಿಡಿಯೋದು ಮಾತ್ರ ಹೊಸದು.

ಸೀನಣ್ಣ, ಆ 1,200 ವಸೂಲಾಗಿಲ್ಲ. ಓನರು ಕೇಳ್ದಂಗೇ ಇಲ್ಲ. ನಾನೇ ಕಂತಲ್ಲಿ ಆ ರೈತರಿಗೆ ಕೊಡ್ತಿದೀನಿ, 400 ಆಗೈತೆ.

ಒಂದು ಸಹಾಯ ಬೇಕು. ಮೂರನೇ ಸಾಲು ಸಿಕ್ತಿಲ್ಲ.

ಬಾಕ್ಸ್ ಸೀನ

"ನೀನು ಬರೋವರ್ಗೂ ರೇಟು ಇಳಿಯಲ್ಲ, ಕಾಯ್ತಿರ್ತೀನಿ ಬಾರೇ ಮಾತೇ."

ನಿಮ್ಮಜ್ಜಿ ಧಾಟಿಗೆ ಕೂರುತ್ತಾ ನೋಡು ಗುರೂ. ಒಂದಕ್ಷರ ಜಾಸ್ತಿ ಆಯ್ತೇನೋ.