ಬೈಜಾಂಟೈನ್ ಚಕ್ರವರ್ತಿಗಳು ಸಣ್ಣ ರೈತರ ಪರ ನಿಂತಿದ್ದು ಯಾಕೆ?

ಪ್ರಶ್ನೆ:
ಹತ್ತನೇ ಶತಮಾನದ ಬೈಜಾಂಟೈನ್ (ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ) ಚರಿತ್ರೆ ಓದುತ್ತಿದ್ದೇನೆ. ಪ್ರಬಲರು ಬಡವರ ಜಮೀನು ಕೊಳ್ಳಬಾರದು ಅಂತ ಒಬ್ಬರಾದ ಮೇಲೆ ಒಬ್ಬರು ಕಾನೂನು ತಂದಿದ್ದಾರೆ. ಆದರೆ ಆಸ್ಥಾನದಲ್ಲಿ, ಸೈನ್ಯದಲ್ಲಿ ಇದ್ದವರೇ ದೊಡ್ಡ ಜಮೀನ್ದಾರರು ಅಲ್ವಾ? ತಮ್ಮವರನ್ನೇ ಎದುರು ಹಾಕಿಕೊಂಡಿದ್ದು ಯಾಕೆ? ಬಡವರ ಮೇಲಿನ ಕರುಣೆಯಾ?

ಉತ್ತರ 1:
ಕರುಣೆಗಿಂತ ತೆರಿಗೆ ಮತ್ತು ಸೈನ್ಯ, ಇವೆರಡೇ ಜಾಸ್ತಿ. ತೆರಿಗೆ ಕಟ್ಟುವವರೂ ಸೈನ್ಯಕ್ಕೆ ಸೇರುವವರೂ ಹೆಚ್ಚಾಗಿ ಈ ಸಣ್ಣ ಜಮೀನಿನವರೇ. ತೆರಿಗೆಗೆ ಇಡೀ ಹಳ್ಳಿ ಹೊಣೆ. ಒಬ್ಬ ಊರು ಬಿಟ್ಟರೆ ಅವನ ಪಾಲನ್ನು ಅಕ್ಕಪಕ್ಕದವರು ಕಟ್ಟಬೇಕು. ಅದೇ ಜಮೀನು ಸೇನಾಧಿಪತಿಯ ಕೈಗೆ ಹೋದರೆ ವಸೂಲಿಗೆ ಹೋಗುವ ಧೈರ್ಯ ಯಾರಿಗಿದೆ? 927-28ರ ಚಳಿಗಾಲದಲ್ಲಿ ನೆಲ 120 ದಿನ ಹೆಪ್ಪುಗಟ್ಟಿತ್ತು ಅಂತ ಆ ಕಾಲದ ಚರಿತ್ರೆಗಳು ಹೇಳುತ್ತವೆ. ಹೊಟ್ಟೆಗಿಲ್ಲದ ರೈತರು ಸಿಕ್ಕ ಬೆಲೆಗೆ ಹೊಲ ಮಾರಿದರು. 934ರಲ್ಲಿ ಚಕ್ರವರ್ತಿ ರೋಮನೋಸ್ ಲೆಕಪೆನೋಸ್ ಕಾನೂನು ತಂದ: ನ್ಯಾಯದ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಕೊಂಡಿದ್ದರೆ, ದುಡ್ಡು ವಾಪಸ್ ಕೇಳದೆ ಜಮೀನು ಬಿಟ್ಟುಕೊಡಬೇಕು.

ಉತ್ತರ 2:
ಇದಕ್ಕೆ ಭಯವನ್ನೂ ಸೇರಿಸಿ. 987ರಲ್ಲಿ ಸೇನಾಧಿಪತಿ ಬಾರ್ಡಾಸ್ ಫೋಕಾಸ್ ದಂಗೆ ಎದ್ದು ತಾನೇ ಚಕ್ರವರ್ತಿ ಅಂತ ಸಾರಿಕೊಂಡಿದ್ದು ಕಪ್ಪಡೋಸಿಯದ (ಇಂದಿನ ಟರ್ಕಿಯ ಒಂದು ಪ್ರದೇಶ) ಜಮೀನ್ದಾರ ಮಲೈನೋಸ್ ಮನೆಯಲ್ಲಿ. ಕೆಲವು ವರ್ಷದ ಮೇಲೆ ಚಕ್ರವರ್ತಿ ಎರಡನೇ ಬೆಸಿಲ್ ಸಿರಿಯಾದಿಂದ ಹಿಂದಿರುಗುವಾಗ ಅದೇ ಮಲೈನೋಸ್ ಅವನಿಗೂ ಇಡೀ ಸೈನ್ಯಕ್ಕೂ ಊಟ ಹಾಕಿದ. ಒಂದು ಮನೆಯಲ್ಲಿ ಸೈನ್ಯಕ್ಕೇ ಬಡಿಸುವಷ್ಟು ದವಸ ಇದೆ ಅಂದರೆ ಆತಂಕ ಆಗದೆ ಇರುತ್ತದೆಯೇ? ಬೆಸಿಲ್ ಅವನನ್ನು ಗೌರವದಿಂದಲೇ ರಾಜಧಾನಿಗೆ ಕರೆದುಕೊಂಡು ಹೋದ, ಮತ್ತೆ ಊರಿಗೆ ಬಿಡಲಿಲ್ಲ. ಸತ್ತ ಮೇಲೆ ಆಸ್ತಿ ಸರ್ಕಾರದ ಪಾಲಾಯಿತು.

ಉತ್ತರ 3:
ಇಬ್ಬರ ಮಾತೂ ಸರಿ. ಆದರೂ 996ರ ಕಾನೂನಿನಲ್ಲೇ ಬೆಸಿಲ್ ಬರೆಸಿದ ಫಿಲೋಕಲೆಸ್ ಕಥೆ ಓದಿದರೆ ಬರೀ ಲೆಕ್ಕಾಚಾರ ಅಂತ ನನಗೆ ಅನ್ನಿಸುವುದಿಲ್ಲ. ಅವನು ಹುಟ್ಟಿದ್ದು ಬಡ ಹಳ್ಳಿಗನಾಗಿ. ಆಸ್ಥಾನದ ಪದವಿ ಸಿಕ್ಕ ಮೇಲೆ ಊರಿನ ಹೊಲಗಳನ್ನೆಲ್ಲ ನುಂಗಿ, ಊರಿನ ಹೆಸರನ್ನೂ ಬದಲಾಯಿಸಿದ. ಬೆಸಿಲ್ ಆ ದಾರಿಯಲ್ಲಿ ಬಂದಾಗ ರೈತರು ದೂರು ಕೊಟ್ಟರು. ಅವನ ಬಂಗಲೆ ನೆಲಸಮ ಆಯಿತು, ಹೊಲ ರೈತರಿಗೆ ಹಿಂದಿರುಗಿತು, ಅವನು ಮತ್ತೆ ಉಳುವವನಾದ. ತಮ್ಮ ಊರಿನ ಹೆಸರೇ ಕಳೆದುಕೊಂಡವರಿಗೆ ಆ ದಿನ ಹೇಗನ್ನಿಸಿರಬೇಕು!

ಪ್ರಶ್ನೆ ಕೇಳಿದವರು:
ಧನ್ಯವಾದ, ಈಗ ಅರ್ಥವಾಯಿತು. ಬೆಸಿಲ್ ನಂತರವೂ ಇದು ನಡೆಯಿತಾ?

ಉತ್ತರ 1:
ಪೂರ್ತಿ ಅಲ್ಲ. ಊರು ಬಿಟ್ಟವರ ತೆರಿಗೆಯನ್ನು ಅಕ್ಕಪಕ್ಕದ ಪ್ರಬಲರೇ ಕಟ್ಟಬೇಕು ಅಂತ ಬೆಸಿಲ್ ಮಾಡಿದ್ದ. ಅವನು ಸತ್ತಿದ್ದು 1025ರಲ್ಲಿ. ಮೂರು ವರ್ಷದೊಳಗೆ ಮೂರನೇ ರೋಮನೋಸ್ ಪಟ್ಟಕ್ಕೆ ಬಂದು ಅದನ್ನು ರದ್ದು ಮಾಡಿದ.