ಎದೆ ಕೊಯ್ಯದೆ ಅಯೋರ್ಟಾ ಸರಿಮಾಡುತ್ತಾರಂತೆ, ನಂಬಬಹುದಾ?

ಹಾಸನದ ಅಕ್ಕ:
ತಮ್ಮನ ಕಾರು ನಿಂತಿದ್ದ ಲಾರಿಗೆ ಗುದ್ದಿದೆ. ಪಕ್ಕೆಲುಬು ಮುರಿದಿದೆ. ಸಿ.ಟಿ. ಮಾಡಿ, ಅಯೋರ್ಟಾ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಒಂದು ಕಡೆ ಹರಿದು ಉಬ್ಬಿಕೊಂಡಿದೆ ಅಂದರು. ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ ಹಾಕುತ್ತಾರಂತೆ. ಅಪ್ಪನಿಗೆ ಹಾರ್ಟಿಗೆ ಹಾಕಿಸಿದ್ದೆವಲ್ಲ, ಇದೂ ಅದೇನಾ? ಹೊಲಿಗೆ ಹಾಕದೆ ಹರಿದದ್ದು ನಿಲ್ಲುತ್ತಾ?

ಕ್ಯಾಥ್‌ಲ್ಯಾಬ್ ಹುಡುಗ:
ಅಕ್ಕಾ, ನಾನು ಕ್ಯಾಥ್‌ಲ್ಯಾಬ್‌ನಲ್ಲಿ, ಅಂದರೆ ನಾಳದೊಳಗಿಂದಲೇ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಟೆಕ್ನಿಷಿಯನ್, ಡಾಕ್ಟರಲ್ಲ. ಟೇಬಲ್ ಪಕ್ಕ ನಿಂತು ನೋಡಿದ್ದು ಹೇಳುತ್ತೇನೆ.

ಅಪ್ಪನಿಗೆ ಹಾಕಿದ್ದು ಬರೀ ಜಾಲರಿ, ಕಟ್ಟಿಕೊಂಡ ನಾಳ ಅಗಲ ಮಾಡೋಕೆ. ಇದು ನಿಟಿನಾಲ್ ಅನ್ನೋ ಲೋಹದ ತಂತಿಗೆ ಬಟ್ಟೆ ಹೊದಿಸಿದ ಕೊಳವೆ. ಮಡಚಿದ ಕೊಡೆ ಥರ ಸಣ್ಣಗೆ ಒಳಗೆ ಹೋಗುತ್ತದೆ. ಎಕ್ಸ್‌ರೇ ಪರದೆ ನೋಡಿಕೊಂಡು ಜಾಗಕ್ಕೆ ತಂದು, ಮೇಲಿನ ಕವಚ ಹಿಂದಕ್ಕೆ ಎಳೆದರೆ ಅರಳಿ ನಾಳದ ಗೋಡೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ರಕ್ತ ಕೊಳವೆಯೊಳಗೇ ಹರಿಯುತ್ತದೆ, ಹರಿದ ಕಡೆ ಒತ್ತಡ ಬೀಳುವುದಿಲ್ಲ. ಅರಳಿಸುವಾಗ ಬಿಪಿ ಬೇಕಂತಲೇ ಇಳಿಸಿರುತ್ತಾರೆ. ಇಲ್ಲಾಂದ್ರೆ ರಕ್ತದ ರಭಸಕ್ಕೆ ಗ್ರಾಫ್ಟ್ ಮುಂದಕ್ಕೆ ಜರುಗಬಹುದು. ಅಲ್ಲಿಯವರೆಗೂ ಐಸಿಯುನಲ್ಲಿ ಡ್ರಿಪ್ ಕೊಟ್ಟು ಬಿಪಿ, ನಾಡಿ ಎರಡನ್ನೂ ತಗ್ಗಿಸಿಡುತ್ತಾರೆ.

ಹೊಸ ಪ್ರಯೋಗ ಅಂತ ಸುಮ್ನೆ ಹೆದರಬೇಡಿ. 1987ರಲ್ಲೇ ಈಗಿನ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಸರ್ಜನ್ ನಿಕೊಲಾಯ್ ವೊಲೊಡೋಸ್ ಪೆಟ್ಟಿನಿಂದ ಉಬ್ಬಿದ್ದ ಅಯೋರ್ಟಾಗೆ ಹೀಗೇ ಮಾಡಿದ್ದರು.

ಒಂದು ಮಾತ್ರ ಡಾಕ್ಟರನ್ನು ಕೇಳಿ. ಪೆಟ್ಟಿಗೆ ಅಯೋರ್ಟಾ ಹೀಗೆ ಹರಿದುಹೋಗುವುದು ಹೆಚ್ಚಾಗಿ ಎಡಗೈಗೆ ಹೋಗುವ ನಾಳ ಕವಲೊಡೆದ ಸ್ವಲ್ಪ ಮುಂದೆ. ಗ್ರಾಫ್ಟ್ ಆ ಕವಲಿಗೂ ಅಡ್ಡ ಬರುತ್ತಾ?

ಮಂಡ್ಯ ರೈತ:
ನಮ್ಮ ಅಳಿಯನಿಗೆ ಬೈಕಿಂದ ಬಿದ್ದು ಮೊಣಕಾಲ ಹಿಂದಿನ ನಾಳ ತುಂಡಾಗಿತ್ತು. ಪಾದ ತಣ್ಣಗಾಗಿ ಬಿಳಿಚಿಕೊಂಡಿತ್ತು. ಅವನಿಗೆ ಕೊಯ್ದೇ ಮಾಡಿದರಲ್ಲಪ್ಪ, ಯಾಕೆ? ದುಡ್ಡಿಗೋಸ್ಕರವಾ?

ಕ್ಯಾಥ್‌ಲ್ಯಾಬ್ ಹುಡುಗ:
ಇಲ್ಲ ಅಣ್ಣ. ಮೊಣಕಾಲು ದಿನಾ ಮಡಚುವ ಜಾಗ. ಅಲ್ಲಿ ಸ್ಟೆಂಟ್ ಮುರಿಯಬಹುದು, ರಕ್ತ ಕಟ್ಟಿಕೊಳ್ಳಬಹುದು. ಅದಕ್ಕೇ ಸಾಮಾನ್ಯವಾಗಿ ಇನ್ನೊಂದು ಕಾಲಿನ ಸಿರೆ ತೆಗೆದು ಜೋಡಿಸುತ್ತಾರೆ. ಎಲ್ಲಾದಕ್ಕೂ ಸ್ಟೆಂಟ್ ಅನ್ನುವವರನ್ನು ಕಂಡರೆ ನನಗೂ ಆಗಲ್ಲ.

ಹಾಸನದ ಅಕ್ಕ:
ಕೇಳಿದೆ. ಎಡಗೈ ಕವಲು ಮುಚ್ಚಲೇಬೇಕಂತೆ. ಕೈ ಸೋತರೆ ಆಮೇಲೆ ಕುತ್ತಿಗೆಯ ನಾಳದಿಂದ ಬೈಪಾಸ್ ಮಾಡಬಹುದಂತೆ. ನಾಳೆ ಬೆಳಿಗ್ಗೆ ಹಾಕುತ್ತಾರೆ.

ಕ್ಯಾಥ್‌ಲ್ಯಾಬ್ ಹುಡುಗ:
ಹಾಗಾದರೆ ಇನ್ನು ಮುಂದೆ ಬಿಪಿ ಬಲಗೈಯಲ್ಲೇ ನೋಡಿಸಿ. ಎಡಗೈಯಲ್ಲಿ ಕಮ್ಮಿ ತೋರಿಸುತ್ತದೆ, ಊರಿನ ಕ್ಲಿನಿಕ್‌ನಲ್ಲಿ ನೋಡಿ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಾರು. ವಯಸ್ಸು ಚಿಕ್ಕದು, ಗ್ರಾಫ್ಟ್ ಬಹಳ ವರ್ಷ ಒಳಗಿರಬೇಕು, ಅದಕ್ಕೇ ಸಿ.ಟಿ.ಗೆ ಕರೆದಾಗಲೆಲ್ಲ ತಪ್ಪಿಸದೆ ಕಳಿಸಿ.