ಅಪ್‌ಡೇಟ್: ಹಳೇ ಸ್ಪೀಕರ್ ಜೋಡಿಯ ಗರಗರ ಸದ್ದು ಹೋಯಿತು, ಟ್ವೀಟರ್ ಕೂಡ ಹಾಡುತ್ತಿದೆ

ಸೆಕೆಂಡ್ ಹ್ಯಾಂಡ್ ಸ್ಪೀಕರ್‌ಗಳು ಬೇಸ್ (ದಪ್ಪ ಸದ್ದು) ಬಂದಾಗ ಗರಗರ ಅನ್ನುತ್ತವೆ, ಎಡಗಡೆಯ ಟ್ವೀಟರ್ (ತೆಳು, ಕೀಚಲು ಸದ್ದು ಕೊಡುವ ಪುಟ್ಟ ಸ್ಪೀಕರ್) ಕೇಳಿಸುವುದೇ ಇಲ್ಲ, ಏನು ಮಾಡಲಿ ಎಂದು ಇಲ್ಲಿ ಸಲಹೆ ಕೇಳಿದ್ದೆ. ಈಗ ಎರಡೂ ಸರಿಯಾಗಿವೆ.

ಹಲವರು ಹೇಳಿದಂತೆ, ಗರಗರಕ್ಕೆ ಕಾರಣ ವೂಫರ್‌ನ (ಬೇಸ್ ಕೊಡುವ ದೊಡ್ಡ ಸ್ಪೀಕರ್) ಅದುರುವ ಕೋನ್‌ನ ಸುತ್ತ ಇರುವ ಫೋಮ್ ಅಂಚು. ಬೆರಳು ತಾಗಿಸಿದರೆ ಪುಡಿ ಉದುರುತ್ತಿತ್ತು. ಈ ಫೋಮ್ ಗಾಳಿಗೆ, ತೇವಕ್ಕೆ ತಾನಾಗಿಯೇ ಹಾಳಾಗುತ್ತದೆ. ಸ್ಪೀಕರ್ ಬಳಸದೆ ಸುಮ್ನೆ ಇಟ್ಟಿದ್ದರೂ ಅಷ್ಟೇ. ರಬ್ಬರ್ ಅಂಚು ಹಾಕಿ ಎಂಬ ಸಲಹೆ ಬಿಟ್ಟೆ. ಅದರ ತೂಕ ಜಾಸ್ತಿ, ಬೇಸ್‌ನ ಗುಣವೇ ಬದಲಾಗುತ್ತದೆ. ಹೊಸ ಫೋಮ್ ಕೊಳ್ಳುವಾಗ ‘8 ಇಂಚು’ ಅಂದರೆ ಸಾಲದು. ಕೋನ್‌ನ ಹೊರ ಅಳತೆ, ಫ್ರೇಮ್‌ನ ಒಳ ಅಳತೆ ಎರಡೂ ಬೇಕು. ಸೂಪರ್ ಗ್ಲೂ ಬೇಡವೇ ಬೇಡ, ಸರಿಹೊಂದಿಸಲು ಸಮಯವೇ ಸಿಗುವುದಿಲ್ಲ. ನಿಧಾನವಾಗಿ ಒಣಗುವ ಬಿಳಿ ಅಂಟು ಹಚ್ಚಿ, 30 ಹರ್ಟ್ಸ್ ಟೋನ್ (ತೀರಾ ದಪ್ಪ ಸದ್ದು) ಸಣ್ಣಗೆ ಹಾಕಿ, ಕೋನ್‌ಗೆ ಅಂಟಿದ ತಂತಿ ಸುರುಳಿ, ಅಂದರೆ ಕಾಯಿಲ್, ಉಜ್ಜುವ ಸದ್ದು ನಿಲ್ಲುವವರೆಗೆ ಕೋನ್ ಸರಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಗೆದ್ದದ್ದು ಅದೇ ಉಪಾಯ.

ಟ್ವೀಟರ್‌ಗಾಗಿ ಕ್ರಾಸ್‌ಓವರ್‌ನ (ಸದ್ದನ್ನು ವೂಫರ್, ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್) ಕೆಪಾಸಿಟರ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಟ್ವೀಟರ್‌ಗೆ ಮಲ್ಟಿಮೀಟರ್ ಹಿಡಿದರೆ 6 ಓಮ್ ಸುಮಾರು ತೋರಿಸಿತು. 8 ಓಮ್ ಟ್ವೀಟರ್‌ಗೆ ಅದು ಸರಿಯಾದ ಲೆಕ್ಕವೇ, ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್ (ತಂತಿಯ ಬರೀ ತಡೆ) ಮಾತ್ರ, 8 ಓಮ್ ಅನ್ನುವುದು ಹಾಡುವಾಗಿನ ಒಟ್ಟು ತಡೆ. ಅಂದರೆ ಕಾಯಿಲ್ ಚೆನ್ನಾಗಿದೆ. ತೊಂದರೆ ಇದ್ದದ್ದು ಯಾರೂ ಊಹಿಸದ ಕಡೆ: ಸ್ಪೀಕರ್ ಡಬ್ಬದ ಹಿಂಬದಿಯಲ್ಲಿ ಟ್ವೀಟರ್ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಲೆವೆಲ್ ನಾಬ್! ಒಳಗೆ ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾ ಹೋದೆ. ತಾಳದ ಸದ್ದು ಸ್ಪಷ್ಟವಾಗಿ ಬಂತು. ಟ್ವೀಟರ್ ಸತ್ತಿದೆ ಅಂತ ಹೊಸದು ಕೊಳ್ಳುವ ಮುಂಚೆ ಈ ನಾಬ್ ನೋಡಿ.